ನಡು ತುಳಿದ ಮಧ್ಯಾಹ್ನ

ನೀಲಗಿರಿ ಎಣ್ಣೆಯ ವಾಸನೆ ಬಂದರೆ ಈಗಲೂ ಮುರಗೋಡದ ಆ ಮಧ್ಯಾಹ್ನ ನೆನಪಾಗುತ್ತದೆ, ನನ್ನ ನೆನಪನ್ನು ನಾನೇ ಪೂರ್ತಿ ನಂಬದಿದ್ದರೂ.

ಅವ್ವ ದವಾಖಾನೆಯಲ್ಲಿ ನರ್ಸ್ ಆಗಿದ್ದಳು. ಪಾಳಿ ಮುಗಿಸಿ ಬಂದು ಚಾಪೆಯ ಮೇಲೆ ಬೋರಲು ಮಲಗಿದರೆ, ಎಣ್ಣೆ ಹಚ್ಚಿದ ಅವಳ ನಡುವನ್ನು ತುಳಿಯುವುದು ಏಳು ವರ್ಷದ ನನ್ನ ಕೆಲಸವಾಗಿತ್ತು.

"ಸಾವಕಾಶಲೇ! ಇದು ನಡಾ ಐತಿ, ರಾಶಿ ಮಾಡೂ ಕಣಾ ಅಲ್ಲ."

ಅಂದು ನೋವು ಎಷ್ಟಿತ್ತೆಂದರೆ ನೀರು ಕುಡಿಯಲು ಏಳುವುದೂ ಅವಳಿಂದಾಗಿರಲಿಲ್ಲ. ಅಷ್ಟರಲ್ಲಿ ದವಾಖಾನೆಯ ಪಕ್ಕದಲ್ಲೇ ಇದ್ದ ನಮ್ಮ ಕ್ವಾರ್ಟರ್ಸ್ ಮುಂದೆ ಟ್ರ್ಯಾಕ್ಟರ್ ನಿಂತಿತು.

"ಬಾಯಾರ, ಲಗೂ ಬರ್ರಿ! ಮಗಳು ಬ್ಯಾನಿ ತಿನ್ನಾಕ ಹತ್ಯಾಳ್ರಿ!" ಎಂದು ಮುದುಕಿಯೊಬ್ಬಳು ಅವ್ವನನ್ನು ಕೂಗಿ ಕರೆದಳು.

ಅವ್ವ ಗೋಡೆ ಹಿಡಿದು ಎದ್ದಳು. ಸೆರಗನ್ನು ನಡುವಿಗೆ ಬಿಗಿದು ಟ್ರೇಲರಿನ ಬಳಿ ಹೋಗಿ, "ನನ್ನ ಕೊಳ್ಳಾಗ ಕೈ ಹಾಕಿ ಜೋತಬೀಳವಾ, ನಾ ಏನ ಮುರಿಯೂದಿಲ್ಲ" ಎಂದು ಆ ತುಂಬು ಬಸುರಿಯನ್ನು ಎತ್ತಿ ಇಳಿಸಿದಳು. ಒಬ್ಬಳೇ ಇಳಿಸಿದಳೇ? ಡ್ರೈವರನೂ ಕೈ ಕೊಟ್ಟಿರಬೇಕು. ನನಗೆ ಕಂಡದ್ದು ಅವ್ವ ಮಾತ್ರ.

ದವಾಖಾನೆಯಲ್ಲಿ ಹೆರಿಗೆ ಮಾಡಿಸಿ ಸಂಜೆ ಬಂದ ಅವ್ವ ಮತ್ತೆ ಚಾಪೆಯ ಮೇಲೆ ಬೋರಲಾದಳು. "ಹೆಣ್ಣು ಕೂಸು. ಇಬ್ರೂ ಛಲೋ ಅದಾರ. ಬಾ, ತುಳಿ."

ನಾನು ಕಾಲೆತ್ತಿದೆ, ಆದರೆ ಇಡಲಾಗಲಿಲ್ಲ. ಪಕ್ಕದಲ್ಲಿ ಕುಳಿತು ಎರಡೂ ಅಂಗೈಗಳನ್ನು ಇಟ್ಟೆ. ಅವಳ ನಡು ಇನ್ನೂ ಅದುರುತ್ತಿತ್ತು.