ಮೊದಲೇ ಬಂದ ನಗು

"ಗರ್ಭಕೋಶದ ಒಳಪದರ ಮೊನ್ನೆಗಿಂತ ತೆಳ್ಳಗಾಗಿದೆಯಲ್ಲ," ಎಂದು ಡಾಕ್ಟರಮ್ಮ ಸ್ಕ್ಯಾನಿಂಗ್ ಪರದೆಯತ್ತ ಬಾಗಿದ ಕೂಡಲೇ ಮಂಚದ ಮೇಲೆ ಮಲಗಿದ್ದ ಸೊಸೆಯ ತುಟಿಯಲ್ಲಿ ನಗು ಮೂಡಿತು. ಹಾಗಾದರೆ ಫ್ರೀಜರಿನಲ್ಲಿಟ್ಟ ಭ್ರೂಣವನ್ನು ಈ ಸಲ ಒಳಗೆ ಬಿಡುವುದಿಲ್ಲ. ಉಸಿರು ಬಿಗಿಹಿಡಿದು ದಿನ ದೂಡಬೇಕಿಲ್ಲ, ಮತ್ತೊಮ್ಮೆ 'ನಿಲ್ಲಲಿಲ್ಲ' ಎಂಬ ಮಾತು ಕೇಳಬೇಕಿಲ್ಲ. ಅವಳ ಚಪ್ಪಲಿ, ಚೀಲ ಎರಡನ್ನೂ ಹಿಡಿದು ಪಕ್ಕದಲ್ಲೇ ನಿಂತಿದ್ದ ಅತ್ತೆ ಆ ನಗುವನ್ನು ನೋಡಿಬಿಟ್ಟರು.

"ಗಾಬರಿ ಬೀಳ್ಬೇಡಿ," ಡಾಕ್ಟರಮ್ಮ ಇತ್ತ ತಿರುಗಿದರು. "ಮೊನ್ನೆ ಕೊಟ್ಟ ಮಾತ್ರೆ ಶುರುವಾದ್ಮೇಲೆ ಕೆಲವರಿಗೆ ಹೀಗಾಗುತ್ತೆ. ಹತ್ತಿ ಹಾಸಿಗೇನ ಒತ್ತಿದ ಹಾಗೆ, ತೆಳುವಾದ್ರೂ ಗಟ್ಟಿ. ನಾಳೆನೇ ಭ್ರೂಣ ಒಳಗೆ ಬಿಡೋಣ. ನೋಡಿ, ಆಗ್ಲೇ ಎಷ್ಟು ಖುಷಿಯಾಗಿದ್ದಾರೆ!"

ಸೊಸೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯದೆ ಗೋಡೆಯತ್ತ ಹೊರಳಿದಳು. ಆ ನಗು ಒಳ್ಳೆಯ ಸುದ್ದಿಗಿಂತ ಮೊದಲೇ ಬಂದಿತ್ತೆಂದು ಗೊತ್ತಿದ್ದದ್ದು ಇಬ್ಬರಿಗೇ. "ಡಾಕ್ಟ್ರೇ, ಒಂದ್ನಿಮಿಷ ಹೊರಗಿರ್ತೀರಾ?" ಎಂದರು ಅತ್ತೆ. ಬಾಗಿಲು ಮುಚ್ಚಿತು. ಇನ್ನೇನು ಬೈಗುಳ ಶುರುವಾಗುತ್ತದೆಂದು ಅವಳು ಕಣ್ಣು ಮುಚ್ಚಿದಳು.

ಅತ್ತೆ ಚಪ್ಪಲಿ ಕೆಳಗಿಟ್ಟರು. ಜಾರಿದ್ದ ಹೊದಿಕೆಯನ್ನು ಅವಳ ಪಾದದವರೆಗೂ ಎಳೆದು ಹೊದಿಸಿ, ಕಿವಿಯ ಹತ್ತಿರ ಬಾಗಿದರು. "ಸಾಕಾಗಿದ್ರೆ ಸಾಕು ಅನ್ನೋಕೆ ನಿಂಗೆ ಬಾಯಿಲ್ವೇನೇ? ನನ್ನ ಮಗನಿಗೆ ನಾನು ಹೇಳ್ತೀನಿ ಬಿಡು." ಬೈದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದಳು. ಅವಳು ಹೊದಿಕೆಯನ್ನು ಮೇಲಕ್ಕೆಳೆದು ಮುಖ ಮುಚ್ಚಿಕೊಂಡಳು. ಪಾದಗಳು ಮತ್ತೆ ಬರಿದಾದವು.