ಬಿಸಿಲು ಕಂಡ ಮರಳು

ಸಂಶೋಧನೆಗೆಂದು ಗಂಡಸಿ ಊರಿನ ಹಳ್ಳದ ದಡದಿಂದ ಕೊಳವೆಯಲ್ಲಿ ತುಂಬಿ, ಬಿಗಿಯಾಗಿ ಮುಚ್ಚಿ ತಂದಿದ್ದ ಮರಳು ಅಂಗಳದ ಬಿಸಿಲಲ್ಲಿ, ಕೊಬ್ಬರಿಯ ಪಕ್ಕ ಒಣಗುತ್ತಿರುವುದನ್ನು ಕಂಡು ದಿವ್ಯಾ ಕೂಗಿಕೊಂಡಳು.

“ತ್ಯಾವ ಇತ್ತು ಕಣೇ, ಬೂಷ್ಟು ಹಿಡೀತೈತೆ ಅಂತ ಹರವಿದೆ,” ಅಂದರು ತಾಯಿ ರುಕ್ಮಿಣಮ್ಮ.

“ಹಿಮಯುಗದಲ್ಲಿ ಮಳೆ ಕಮ್ಮಿಯಾಗಿ ಹಳ್ಳ ಸೊರಗಿದಾಗ ಹೂತುಹೋಗಿದ್ದ ಮರಳಮ್ಮ ಇದು. ಅವತ್ತಿಂದ ಬಿಸಿಲು ಕಂಡಿರ್ಲಿಲ್ಲ. ಎಷ್ಟು ಕಾಲ ಕತ್ತಲಲ್ಲಿತ್ತು ಅಂತ ಅಳೆದ್ರೆ ಅದರ ವಯಸ್ಸು ಸಿಗ್ತಿತ್ತು. ಬಿಸಿಲು ಬಿದ್ರೆ ಕತ್ತಲಲ್ಲಿ ಕಣಕಣದಲ್ಲೂ ಕೂಡಿದ್ದ ಗುರುತೆಲ್ಲಾ ಅಳಿಸಿ, ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಗುತ್ತೆ.”

ರುಕ್ಮಿಣಮ್ಮ ಒಂದು ಹಿಡಿ ಮರಳೆತ್ತಿ ನೋಡಿದರು. “ಹಂಗಾದ್ರೆ ಇದು ಇವತ್ತು ಹುಟ್ಟಿದ ಕೂಸು.” ಅಳು ಬಂದಿದ್ದ ದಿವ್ಯಾಗೆ ನಗು ಬಂತು.

ಸಂಜೆ ಮಗಳು ಹಳ್ಳದ ದಡಕ್ಕೆ ಹೊಡೆದ ಹೊಸ ಕೊಳವೆಯನ್ನು ಮರಳಿನ ಸಮೇತ ಹೊರಗೆಳೆದು ಮುಚ್ಚಳ ಹುಡುಕುವಷ್ಟರಲ್ಲಿ, ಜೊತೆಗೆ ಬಂದಿದ್ದ ರುಕ್ಮಿಣಮ್ಮ ಅದರ ಬಾಯಿಗೆ ಸೆರಗು ಹೊದಿಸಿದರು. “ಕಣ್ ಬಿಡ್ಬೇಡ ಕಂದಾ, ಇನ್ನೂ ಬೆಳಕೈತೆ.”