ಕೊರಳಿನ ಕೀಲಿಕೈ

“ತಾಯಪ್ಪಣ್ಣನ ಕಡೇನ ಕೀಲಿಕೈ ಕಾಯಂ ಇರ್ಲಿ ಅನ್ನೋರು ಕೈ ಎತ್ರಿ” ಎಂದು ಹಿರಿಯನೊಬ್ಬ ಹೇಳಿದ್ದೇ ತಡ, ಕೂಕಟ್‌ಪಲ್ಲಿಯ ತಗಡಿನ ಶೆಡ್ಡುಗಳ ಮುಂದೆ ಕೂತಿದ್ದ ಗಾರೆ ಕೆಲಸದವರ ಕೈಗಳು ಮೇಲೆದ್ದವು. ಹುಲಗೇಶನೂ ಎತ್ತಿದ. ಎತ್ತದೆ ಇರುವುದು ಹೇಗೆ, ತಾಯಪ್ಪ ಅವನ ಅಪ್ಪ. ನೀರಿನ ಮೋಟಾರಿನ ಕೀಲಿಕೈ ಅಪ್ಪನ ಕೊರಳ ದಾರದಲ್ಲಿ ತೂಗುತ್ತಿತ್ತು.

ಕೀಲಿಕೈ ಒಬ್ಬರ ಬಳಿ ಒಂದೇ ವರ್ಷ, ಯುಗಾದಿಗೆ ಪಕ್ಕದ ಶೆಡ್ಡಿಗೆ. ಈ ಕಟ್ಟಳೆ ಮಾಡಿಸಿದವನೇ ತಾಯಪ್ಪ. ಹಿಂದಿನ ಮೇಸ್ತ್ರಿ ಎದುರಾಡಿದವರ ನೀರು ನಿಲ್ಲಿಸುತ್ತಿದ್ದಾಗ ಅವನ ಕೊರಳಪಟ್ಟಿ ಹಿಡಿದು ಕೀಲಿಕೈ ಕಸಿದವನೂ ಅವನೇ. ಆಮೇಲೆ ಒಂದು ದಿನವೂ ನೀರು ತಪ್ಪಲಿಲ್ಲ. ಅದಕ್ಕೇ ಈಗ ಜನಕ್ಕೆ ತಾಯಪ್ಪ ಬೇಕು, ಕಟ್ಟಳೆ ಬೇಡ.

ಕೈ ಎತ್ತದೆ ಕೂತವಳು ಗದಿಗೆಮ್ಮ ಒಬ್ಬಳೇ. ಈ ವರ್ಷದ ಪಾಳಿ ಅವಳದು. “ನೀ ಒಳ್ಳೇಂವ ಅದಿ ಯಣ್ಣಾ, ಇಲ್ಲ ಅನ್ನಂಗಿಲ್ಲ. ಆದ್ರ ಪಾಳಿ ಅಂದ್ರ ಪಾಳಿ.”

ತಾಯಪ್ಪ ನಕ್ಕು, ಕೀಲಿಕೈಯನ್ನು ಎರಡು ಬೆರಳಲ್ಲಿ ಹಿಡಿದು ಆಡಿಸಿದ. “ಗದಿಗೆಮ್ಮ, ನಾಳೆ ನಿನ್ನ ಕೊಡಕ್ಕ ನೀರು ಬೇಕೋ ಬ್ಯಾಡೋ?”

ಎಲ್ಲರೂ ನಕ್ಕರು. ನಗಲು ಬಾಯಿ ತೆರೆದ ಹುಲಗೇಶನಿಗೆ ನಗು ಬರಲಿಲ್ಲ. ಆ ಮೇಸ್ತ್ರಿಯೂ ಹೀಗೇ ನಗುತ್ತಾ ಇದೇ ಮಾತು ಆಡುತ್ತಿದ್ದ. ಗದಿಗೆಮ್ಮ ಮಡಿಲಿನ ಕೂಸನ್ನು ನೋಡಿದಳು, ಬಾಗಿಲಲ್ಲಿದ್ದ ಖಾಲಿ ಕೊಡವನ್ನು ನೋಡಿದಳು. ಅವಳ ಕೈ ಮೆಲ್ಲಗೆ ಮೇಲೇರಿತು.

ಹುಲಗೇಶ ಅಪ್ಪನ ಮುಖವನ್ನೇ ನೋಡುತ್ತಾ ತನ್ನ ಕೈ ಇಳಿಸಿದ.